ಹೆಡ್‌ಫೋನಿನಲ್ಲಿ ಹಾಡು ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಈಗ ತಂತಿಗೆ ಬೆಸುಗೆಯೂ ಹಿಡಿಯುತ್ತಿಲ್ಲ

ತೋಟದ ರೈಟರ್, ಬಣಕಲ್

ಮೊದಲೇ ಹೇಳಿಬಿಡುತ್ತೇನೆ, ನನಗೆ ಕರೆಂಟಿನ ಕೆಲಸ ಬರುವುದಿಲ್ಲ. ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದೇನೆ. ಆಳುಗಳ ಹಾಜರಿ, ಗೊಬ್ಬರದ ಲೆಕ್ಕ, ಕೊಯ್ಲಿನ ಕಾಲಕ್ಕೆ ಹಣ್ಣಿನ ತೂಕ, ಇಷ್ಟೇ ನನ್ನ ವಿದ್ಯೆ.

ಅಮ್ಮನಿಗೆ ಎಪ್ಪತ್ತನಾಲ್ಕು ವರ್ಷ. ಸಂಜೆ ಏಳರಿಂದ ಒಂಬತ್ತೂವರೆಯ ತನಕ ಧಾರಾವಾಹಿ ನೋಡುತ್ತಾರೆ. ನಮ್ಮ ಕಡೆಯ ಮಳೆಯನ್ನು ಕಂಡವರಿಗೆ ಗೊತ್ತು, ಜೂನ್ ಹಿಡಿದರೆ ಹಂಚಿನ ಮೇಲೆ ಬೀಳುವ ಸದ್ದಿಗೆ ಟಿ.ವಿ. ಎಷ್ಟು ಏರಿಸಿದರೂ ಸಾಲದು. ಪಕ್ಕದ ಕೋಣೆಯಲ್ಲಿ ಮಗಳು ಓದಬೇಕು. ಅದಕ್ಕೆಂದೇ ಎರಡು ವರ್ಷದ ಹಿಂದೆ ಉದ್ದ ವೈರಿನ ಹೆಡ್‌ಫೋನ್ ತಂದುಕೊಟ್ಟಿದ್ದೆ. ಟಿ.ವಿ.ಯ ಹಿಂದಿನ ತೂತಿಗೆ ಸಿಕ್ಕಿಸಿ, ಅಮ್ಮ ತಮ್ಮ ಮಂಚದ ಮೇಲೆ ಕುಳಿತು ನೋಡುತ್ತಿದ್ದರು.

ಈ ಏಪ್ರಿಲ್‌ನಲ್ಲಿ ಒಂದು ವಿಚಿತ್ರ ದೂರು ಶುರು ಮಾಡಿದರು. "ಹಾಡು ಕೇಳಿಸುತ್ತದೆ ಕಣೋ, ಇವರ ಮಾತು ಕೇಳಿಸುವುದಿಲ್ಲ. ಸುಮ್ಮನೆ ಬಾಯಿ ಆಡಿಸುತ್ತಾರೆ." ನಾನು ಹಾಕಿಕೊಂಡು ನೋಡಿದೆ, ಮಾತು ಸರಿಯಾಗಿಯೇ ಬಂತು. ಹೆಂಡತಿ ಹಾಕಿಕೊಂಡಳು, ಅವಳಿಗೂ ಬಂತು. ಅಮ್ಮನ ಕಿವಿಯೇ ಹೋಯಿತು ಎಂದು ತೀರ್ಮಾನಿಸಿ, ಮೂಡಿಗೆರೆ, ಆಲ್ದೂರು ದಾಟಿ ಚಿಕ್ಕಮಗಳೂರಿಗೆ ಎರಡು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿದೆ. ವಯಸ್ಸಿಗೆ ತಕ್ಕಷ್ಟು ಚೆನ್ನಾಗಿದೆ ಎಂದರು. ವಾಪಸು ಬಂದ ದಿನವೇ ಅಮ್ಮ ಮತ್ತೆ ಅದೇ ಮಾತು. ಆಮೇಲೆ ನಾವು ಕಿವಿಗೊಡುವುದನ್ನು ಬಿಟ್ಟೆವು.

ಹೋದ ವಾರ ಬೆಕ್ಕು ಕಾಲಿಗೆ ಸುತ್ತಿಕೊಂಡು ಓಡಿ, ಪಿನ್ನಿನ ಬುಡದಲ್ಲಿ ವೈರು ಪೂರ್ತಿ ಕಿತ್ತುಬಂತು. ಬಿಡಿಸಿ ನೋಡಿದರೆ ಒಳಗೆ ಕೂದಲಿನಂಥ ಎಳೆಗಳು: ಕೆಂಪು ಒಂದು ಗುಂಪು, ಹಸಿರು ಒಂದು, ತಾಮ್ರದ ಬಣ್ಣದ್ದು ಎರಡು. ಜೊತೆಗೆ ಬಿಳಿ ದಾರ ಬೇರೆ. ಬಣ್ಣಕ್ಕೆ ಬಣ್ಣ ಹೊಸೆದು ಟೇಪು ಸುತ್ತಿದೆ. ಸದ್ದಿಲ್ಲ. ತೋಟದ ಎಲೆಕ್ಟ್ರಿಷಿಯನ್‌ನಿಂದ ಸೋಲ್ಡರಿಂಗ್ ಐರನ್ ಕೇಳಿ ತಂದು ಪ್ರಯತ್ನಿಸಿದೆ. ಸೀಸ ಕರಗುತ್ತದೆ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿ ಬೀಳುತ್ತದೆ, ತಂತಿಗೆ ಮಾತ್ರ ಅಂಟುವುದಿಲ್ಲ. ಅಂಗಡಿಯವನು ಬಿಸಾಡಿ ಹೊಸದು ತೆಗೆದುಕೊಳ್ಳಿ ಎನ್ನುತ್ತಾನೆ. ಕಿವಿಯ ಮೇಲಿನ ಮೆತ್ತೆ ಇನ್ನೂ ಗಟ್ಟಿಯಾಗಿದೆ, ಅಮ್ಮನಿಗೆ ಅದೇ ಅಭ್ಯಾಸವಾಗಿದೆ. ಏನು ಮಾಡಲಿ?

ಇನ್ನೊಂದು ಸಣ್ಣ ಪ್ರಶ್ನೆ. ಮಿಕ್ಸಿಯ ವೈರು ಪ್ಲಗ್ಗಿನ ಹತ್ತಿರ ಬಿಸಿಯಾಗುತ್ತದೆ, ಅಲುಗಾಡಿಸಿದರೆ ನಿಂತು ಓಡುತ್ತದೆ. ಅಲ್ಲಿಯೂ ಕತ್ತರಿಸಿ, ಹೊಸೆದು, ಟೇಪು ಸುತ್ತಿದರೆ ಸಾಕೇ?

ಇ.ಸಿ. ಎರಡನೇ ವರ್ಷ, ಹಾಸನ

ಅಣ್ಣಾ, ನಾನು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ (ಇ.ಸಿ.) ಓದುವವನು. ಬ್ಲೂಟೂತ್ ಹೆಡ್‌ಫೋನ್ ತೆಗೆದುಕೊಂಡರೆ ವೈರಿನ ರಗಳೆಯೇ ಇರುವುದಿಲ್ಲ. ಮಿಕ್ಸಿಗೆ ಒಳ್ಳೆಯ ಟೇಪು ಎರಡು ಸುತ್ತು ಹೆಚ್ಚು ಸುತ್ತಿ, ನಡೆಯುತ್ತದೆ. ನಮ್ಮ ಹಾಸ್ಟೆಲಿನ ಇಸ್ತ್ರಿಪೆಟ್ಟಿಗೆ ಒಂದು ವರ್ಷದಿಂದ ಹಾಗೆಯೇ ಓಡುತ್ತಿದೆ.

ಹಳೆಯ ರೇಡಿಯೋ ಅಂಗಡಿ, ಹಾಸನ

ರೈಟರೇ, ಮೊದಲು ನಿಮ್ಮ ತಾಯಿಯವರಲ್ಲಿ ಕ್ಷಮೆ ಕೇಳಿಕೊಂಡು ಬನ್ನಿ. ಅವರ ಕಿವಿ ಸರಿಯಾಗಿದೆ. ಹಾಡು ಕೇಳಿಸಿ ಮಾತು ಕೇಳಿಸದೆ ಇರುವುದು ಹೆಡ್‌ಫೋನ್ ವೈರಿಗೆ ಬರುವ ಒಂದು ಖಾಸಾ ರೋಗ. ನನ್ನ ಅಂಗಡಿ ಬಿ.ಎಂ. ರಸ್ತೆಯಿಂದ ಒಳಗೆ ಹೋಗುವ ಓಣಿಯೊಂದರಲ್ಲಿತ್ತು. ಅಲ್ಲಿ ಈ ದೂರನ್ನು ಇದೇ ಮಾತುಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ.

ಎಡಗಿವಿಯ ಸ್ಪೀಕರಿಗೆ ಒಂದು ತಂತಿ ಹೋಗುತ್ತದೆ, ಬಲಗಿವಿಗೆ ಒಂದು. ಎರಡರಿಂದಲೂ ವಾಪಸು ಬರುವ ದಾರಿ ಮಾತ್ರ ಸೇರಿ ಒಂದೇ. ನಿಮ್ಮ ತಾಮ್ರದ ಬಣ್ಣದ ಎಳೆಗಳು ಅವೇ, ಕಾಮನ್ ಎನ್ನುತ್ತೇವೆ. ಅದು ತುಂಡಾದರೆ ಎಡಗಡೆಯ ಕರೆಂಟಿಗೆ ಬಲಗಡೆಯ ಸ್ಪೀಕರಿನ ಮೂಲಕ ಹೋಗುವುದನ್ನು ಬಿಟ್ಟು ಬೇರೆ ದಾರಿಯಿಲ್ಲ. ಒಂದು ಬಾಗಿಲನ್ನು ಆಚೆಯಿಂದೊಬ್ಬ ಈಚೆಯಿಂದೊಬ್ಬ ಸಮಬಲದಲ್ಲಿ ತಳ್ಳಿದರೆ ಬಾಗಿಲು ಅಲುಗುತ್ತದೆಯೇ? ಹಾಗೆಯೇ ಎಡಬಲಗಳಲ್ಲಿ ಸಮನಾಗಿ ಇರುವುದೆಲ್ಲ ಒಂದನ್ನೊಂದು ತಿಂದುಹಾಕುತ್ತದೆ, ವ್ಯತ್ಯಾಸವಿರುವುದು ಮಾತ್ರ ಉಳಿಯುತ್ತದೆ. ಧಾರಾವಾಹಿಯಲ್ಲಿ ಪಾತ್ರಗಳ ಮಾತನ್ನು ಎರಡೂ ಕಡೆ ಸಮನಾಗಿ ಇಟ್ಟಿರುತ್ತಾರೆ, ವಾದ್ಯಗಳನ್ನು ಆಚೆ ಈಚೆ ಹರಡಿರುತ್ತಾರೆ. ಹಾಗಾಗಿ ಪಿಟೀಲು ಕೇಳಿಸುತ್ತದೆ, ಅತ್ತೆ ಸೊಸೆಯರು ಬಾಯಿ ಆಡಿಸುತ್ತಾರೆ.

ನಿಮಗೆ ಸರಿಯಾಗಿ ಕೇಳಿಸಿದ್ದು ಯಾಕೆಂದರೆ ನೀವು ಟಿ.ವಿ.ಯ ಹತ್ತಿರ ನಿಂತು ಹಾಕಿಕೊಂಡಿರುತ್ತೀರಿ, ವೈರು ಸಡಿಲವಾಗಿತ್ತು, ತುಂಡಾದ ತುದಿಗಳು ತಾಗಿಕೊಂಡಿದ್ದವು. ಅವರು ಮಂಚಕ್ಕೆ ಹೋಗಿ ಕುಳಿತಾಗ ವೈರು ಬಿಗಿಯಾಗಿ ತುದಿಗಳು ದೂರ ಸರಿಯುತ್ತಿದ್ದವು.

ಈಗ ಬೆಸುಗೆಯ ವಿಷಯ. ಆ ಕೆಂಪು, ಹಸಿರು ಬಣ್ಣ ಪ್ಲಾಸ್ಟಿಕ್ ಅಲ್ಲ, ವಾರ್ನಿಷ್. ತಾಮ್ರದ ಬಣ್ಣದ್ದು ಬರಿಯ ತಾಮ್ರದಂತೆ ಕಂಡರೂ ಅದರ ಮೇಲೆಯೂ ಬಣ್ಣವಿಲ್ಲದ ವಾರ್ನಿಷ್ ಇರುವುದುಂಟು. ತೋಟದ ಪಂಪಿನ ಮೋಟಾರು ಸುಟ್ಟು ರೀವೈಂಡಿಂಗಿಗೆ ಹೋದಾಗ ಹೊಸ ತಂತಿ ಹೊಳೆಯುವುದನ್ನು ನೋಡಿದ್ದೀರಲ್ಲ, ಅದೇ ಜಾತಿ. ಆ ಪದರ ಇರುವ ತನಕ ಹೊಸೆದರೂ ಕರೆಂಟು ಹರಿಯುವುದಿಲ್ಲ, ಸೀಸವೂ ಅಂಟುವುದಿಲ್ಲ. ಬಿಳಿ ದಾರ ಎಳೆತಕ್ಕೆ ಬಲ ಬರಲೆಂದು ಹಾಕಿದ್ದು. ಅದನ್ನು ಬುಡಕ್ಕೆ ಕತ್ತರಿಸಿ ಬಿಡಿ, ಇಲ್ಲವಾದರೆ ಸುಟ್ಟು ಕರಿಯಾಗಿ ಬೆಸುಗೆಯೊಳಗೆ ಸೇರಿಕೊಳ್ಳುತ್ತದೆ.

ವಾರ್ನಿಷ್ ತೆಗೆಯಲು ಬ್ಲೇಡು ಬೇಡ, ಎಳೆಗಳೇ ಹೋಗುತ್ತವೆ. ಐರನ್ನಿನ ತುದಿಯಲ್ಲಿ ಒಂದು ದಪ್ಪ ಹನಿ ಸೀಸ ಮಾಡಿಕೊಳ್ಳಿ. ಎಳೆಗಳನ್ನು ಬಣ್ಣಬಣ್ಣಕ್ಕೆ ಬೇರೆ ಹೊಸೆದು, ತುದಿಯ ಕಾಲು ಇಂಚನ್ನು ರಾಳದ ಪೇಸ್ಟಿನಲ್ಲಿ ಅದ್ದಿ, ಆ ಹನಿಯೊಳಗೆ ಮುಳುಗಿಸಿ ಹಿಡಿಯಿರಿ. ಎರಡು ಮೂರು ಸೆಕೆಂಡಿಗೆ ಸುಮ್ಮನೆ ಇರುತ್ತದೆ, ಆಮೇಲೆ ಸಣ್ಣಗೆ ಹೊಗೆ ಎದ್ದು ಬಣ್ಣ ಮಾಯವಾಗಿ ತುದಿ ಬೆಳ್ಳಿಯಂತಾಗುತ್ತದೆ. ಅಂಗಡಿಯಲ್ಲಿ ಸಿಗುವ 60/40 ಸೀಸ (ಅರವತ್ತು ಪಾಲು ತವರ, ನಲವತ್ತು ಪಾಲು ಸೀಸ) 190 ಡಿಗ್ರಿಯ ಆಸುಪಾಸಿನಲ್ಲೇ ಕರಗಿಬಿಡುತ್ತದೆ, ವಾರ್ನಿಷ್ ಸುಡಲು ಅದರ ಹೆಚ್ಚುಕಡಿಮೆ ಎರಡರಷ್ಟು ಕಾವು ಬೇಕು. ನೀವು ಸೀಸ ಕರಗಿದ್ದೇ ಸಾಕೆಂದು ಐರನ್ ತೆಗೆದಿರುತ್ತೀರಿ. ಹಾಗೂ ಆಗದಿದ್ದರೆ ಬೆಂಕಿಕಡ್ಡಿಯ ಜ್ವಾಲೆಗೆ ಅರೆಕ್ಷಣ ಹಿಡಿದು, ನಯವಾದ ಎಮರಿ ಕಾಗದದಿಂದ ಒರೆಸಿ. ಆಸ್ಪಿರಿನ್ ಮಾತ್ರೆಯ ಮೇಲಿಟ್ಟು ಬಿಸಿ ಐರನ್ ಒತ್ತುವ ಉಪಾಯವನ್ನು ಯಾರಾದರೂ ಹೇಳಿಯಾರು. ಕೆಲಸವೇನೋ ಆಗುತ್ತದೆ, ಆದರೆ ಆ ಹೊಗೆ ಒಮ್ಮೆ ಮೂಗಿಗೆ ಬಡಿದರೆ ಸಂಜೆಯ ತನಕ ಕೆಮ್ಮುತ್ತೀರಿ.

ಹಳೆಯ ಪಿನ್ನಿಗೆ ಕೈಹಾಕಬೇಡಿ, ಅದು ಅಚ್ಚು ಹೊಯ್ದದ್ದು. ಕಿತ್ತುಬಂದ ವೈರಿನ ತುದಿಯಿಂದ ಎರಡು ಇಂಚು ಧಾರಾಳವಾಗಿ ಕತ್ತರಿಸಿ ಬಿಸಾಡಿ, ಅಲ್ಲಿಯ ತನಕ ಎಳೆಗಳು ದಣಿದಿರುತ್ತವೆ. ಮೂಡಿಗೆರೆಯಲ್ಲಿ ತಿರುಪಿನ ಮುಚ್ಚಳದ 3.5 ಎಂ.ಎಂ. ಸ್ಟೀರಿಯೋ ಪಿನ್ ಕೇಳಿ. ಎರಡು ಕಪ್ಪು ಗೆರೆ ಇರುವಂಥದ್ದು ಬೇಕು. ಮೂರು ಗೆರೆಯದ್ದು ಮೈಕ್ ಇರುವ ಮೊಬೈಲ್ ಹೆಡ್‌ಫೋನಿಗೆ. ಮುಚ್ಚಳ ತೆಗೆದರೆ ತಂತಿ ಬೆಸೆಯುವ ಸಣ್ಣ ಪಟ್ಟಿಗಳು ಕಾಣುತ್ತವೆ, ಕಿವಿ ಎನ್ನುತ್ತೇವೆ. ತುದಿಗೆ ಸೇರಿದ ಕಿವಿ ಎಡ, ಅಲ್ಲಿಗೆ ಹಸಿರು. ನಡುವಿನ ಉಂಗುರ ಬಲ, ಅಲ್ಲಿಗೆ ಕೆಂಪು. ಉದ್ದನೆಯ ಕಿವಿ ಕಾಮನ್, ತಾಮ್ರದ ಎರಡು ಗುಂಪನ್ನೂ ಒಟ್ಟಿಗೆ ಹೊಸೆದು ಅಲ್ಲಿಗೆ. ಬೆಸೆಯುವಾಗ ಪಿನ್ನನ್ನು ಯಾವುದಾದರೂ ಕೆಟ್ಟ ರೇಡಿಯೋದ ತೂತಿಗೆ ಸಿಕ್ಕಿಸಿಡಿ, ಇಲ್ಲವಾದರೆ ಒಳಗಿನ ಪ್ಲಾಸ್ಟಿಕ್ ಕರಗಿ ಪಿನ್ ಸೊಟ್ಟಗಾಗುತ್ತದೆ.

ಬೆಸೆಯುವ ಮೊದಲು ಪಿನ್ನಿನ ಮುಚ್ಚಳವನ್ನು ವೈರಿಗೆ ತೂರಿಸಿಕೊಂಡಿರಿ. ನಗಬೇಡಿ. ನಲವತ್ತು ವರ್ಷ ಈ ಕೆಲಸ ಮಾಡಿದ ನಾನೇ ಅಂದವಾಗಿ ಬೆಸೆದು ಮುಗಿಸಿ, ಮೇಜಿನ ಮೇಲೆ ಬಿದ್ದಿದ್ದ ಮುಚ್ಚಳವನ್ನು ನೋಡಿ ಹಣೆ ಚಚ್ಚಿಕೊಂಡದ್ದಿದೆ.

ಮಿಕ್ಸಿಗೆ ಟೇಪು ಬೇಡ. ತಮ್ಮಾ ಇ.ಸಿ., ನಿಮ್ಮ ಇಸ್ತ್ರಿಪೆಟ್ಟಿಗೆಯನ್ನು ಇವತ್ತೇ ಪ್ಲಗ್ಗಿನಿಂದ ತೆಗೆಯಿರಿ. ಹೆಡ್‌ಫೋನಿನಲ್ಲಿ ತಪ್ಪಾದರೆ ಸದ್ದು ಬರುವುದಿಲ್ಲ, ಅಷ್ಟೇ. ಇದು 230 ವೋಲ್ಟು. 750 ವಾಟಿನ ಮಿಕ್ಸಿ ಮೂರೂ ಕಾಲು ಆಂಪಿಯರ್ ಎಳೆಯುತ್ತದೆ, ಇಸ್ತ್ರಿಪೆಟ್ಟಿಗೆ ಅದಕ್ಕಿಂತ ಹೆಚ್ಚು. ಬೇಲಿಯ ತಂತಿಯನ್ನು ಇಕ್ಕಳವಿಲ್ಲದಾಗ ಆಚೆ ಈಚೆ ಮಡಚಿ ಮಡಚಿ ಮುರಿಯುತ್ತೀರಲ್ಲ, ವೈರಿನ ಎಳೆಗಳೂ ಹಾಗೆಯೇ ಒಂದೊಂದಾಗಿ ಮುರಿಯುತ್ತವೆ. ಉಳಿದ ನಾಲ್ಕೆಂಟು ಎಳೆ ಅಷ್ಟೂ ಹೊರೆಯನ್ನು ಹೊತ್ತು ಕಾಯುತ್ತವೆ. ನಿಮ್ಮ ಕೈಗೆ ತಾಗುವ ಬಿಸಿ ಅದು.

ಪ್ಲಗ್ ತೆಗೆದ ಮೇಲೆ ಬುಡದಿಂದ ನಾಲ್ಕು ಇಂಚು ಕತ್ತರಿಸಿ ಹೊಸ ಮೂರು ಪಿನ್ನಿನ 6 ಆಂಪಿಯರ್ ಪ್ಲಗ್ ಹಾಕಿ, ಐ.ಎಸ್.ಐ. ಗುರುತು ಇರಲಿ. ಕಂದು ತಂತಿ ಎಲ್ ಎಂದು ಬರೆದಲ್ಲಿಗೆ, ನೀಲಿ ಎನ್ ಎಂಬಲ್ಲಿಗೆ, ಹಳದಿ ಹಸಿರು ಪಟ್ಟೆಯದು, ಅಂದರೆ ಅರ್ಥ್ (ನೆಲಕ್ಕೆ ಹೋಗುವ ತಂತಿ), ಮೇಲಿನ ದಪ್ಪ ಪಿನ್ನಿಗೆ. ಹಳೆಯ ವೈರಾದರೆ ಕ್ರಮವಾಗಿ ಕೆಂಪು, ಕಪ್ಪು, ಹಸಿರು. ಅರ್ಥಿನ ಎಳೆಯನ್ನು ಉಳಿದೆರಡಕ್ಕಿಂತ ಅರ್ಧ ಇಂಚು ಉದ್ದ ಬಿಡಿ. ಯಾರಾದರೂ ಎಳೆದು ಕಿತ್ತರೂ ಅದು ಕೊನೆಗೆ ಕಿತ್ತುಬರಬೇಕು. ಇಲ್ಲಿ ತುದಿಗೆ ಸೀಸ ಹಚ್ಚಬೇಡಿ. ತಿರುಪಿನ ಒತ್ತಡಕ್ಕೆ ಸೀಸ ದಿನಕಳೆದಂತೆ ತಗ್ಗಿ, ತಿರುಪು ಸಡಿಲವಾಗಿ ಮತ್ತೆ ಬಿಸಿಯಾಗುತ್ತದೆ. ಹೊರಗಿನ ದಪ್ಪ ಸಿಪ್ಪೆ ಪ್ಲಗ್ಗಿನ ಒಳಗಿನ ಹಿಡಿಪಟ್ಟಿಯ ಅಡಿಗೆ ಬರಲೇಬೇಕು. ಮಿಕ್ಸಿಯ ಮೈಗೆ ಸೇರುವ ಕಡೆ ಕೆಟ್ಟಿದ್ದರೆ ಮಾತ್ರ ವೈರನ್ನೇ ಪೂರ್ತಿ ಬದಲಿಸಬೇಕು, ಅದನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ.

ಸೂಜಿದಾರ, ಸಕಲೇಶಪುರ

ನಾನು ಹೊಲಿಗೆಯವಳು, ಕರೆಂಟಿನವಳಲ್ಲ. ಆದರೂ ಒಂದು ಮಾತು. ಹೊಸ ಪಿನ್ ಹಾಕಿದ ಮೇಲೆ ವೈರು ಮತ್ತೆ ಅದೇ ಬುಡದಲ್ಲಿ ಮಡಚಿಕೊಳ್ಳುತ್ತದೆ. ಪೆನ್ನಿನ ಸ್ಪ್ರಿಂಗ್ ಹಾಕುವುದನ್ನು ಎಲ್ಲರೂ ಹೇಳುತ್ತಾರೆ, ನಾನೂ ಹಾಕಿದ್ದೆ. ಸ್ಪ್ರಿಂಗಿನ ಚೂಪು ತುದಿಯೇ ನನ್ನ ಮೊಬೈಲ್ ಚಾರ್ಜರ್ ವೈರಿನ ಸಿಪ್ಪೆಯನ್ನು ಕೊರೆಯಿತು.

ಈಗ ದಾರ ಸುತ್ತುತ್ತೇನೆ. ಬ್ಯಾಗು ಹೊಲಿಯುವ ದಪ್ಪ ನೈಲಾನ್ ದಾರ ತೆಗೆದುಕೊಂಡು, ಪಿನ್ನಿನ ಮುಚ್ಚಳದ ಮೇಲಿಂದಲೇ ಶುರುಮಾಡಿ, ಒಂದಕ್ಕೊಂದು ತಾಗುವಂತೆ ವೈರಿನ ಮೇಲೆ ಒಂದೂವರೆ ಇಂಚಿನ ತನಕ ಸುತ್ತಬೇಕು. ಮೊದಲು ಬಿಗಿ, ಕೊನೆಗೆ ಬರುತ್ತಾ ಸುತ್ತುಗಳು ಸಡಿಲವಾಗಬೇಕು, ಇಲ್ಲವಾದರೆ ಸುತ್ತು ಮುಗಿದಲ್ಲೇ ಹೊಸ ಮಡಿಕೆ ಬೀಳುತ್ತದೆ. ತಕ್ಷಣ ಅಂಟುವ ಅಂಟನ್ನು ಹಾಕಬೇಡಿ, ಗಾಜಿನಂತೆ ಗಟ್ಟಿಯಾಗಿ ಅದರ ಅಂಚಿನಲ್ಲೇ ವೈರು ಮುರಿಯುತ್ತದೆ. ನಮ್ಮ ಮನೆಯ ಮೂರು ಚಾರ್ಜರ್ ಹೀಗೆ ಸುತ್ತಿಸಿಕೊಂಡು ಕುಳಿತಿವೆ, ಒಂದಕ್ಕೆ ಮಗನ ಶಾಲೆಯ ಬಣ್ಣ.

ರೇಡಿಯೋ ಅಂಗಡಿಯ ಯಜಮಾನರಿಗೆ ಒಂದು ಪ್ರಶ್ನೆ: ತಾಮ್ರದ ಬಿಂದಿಗೆ ತೊಳೆಯುವಂತೆ ಹುಣಸೆಹಣ್ಣಿನಲ್ಲಿ ತಂತಿಯನ್ನು ತಿಕ್ಕಿದರೆ ಸೀಸ ಚೆನ್ನಾಗಿ ಹಿಡಿಯುವುದಿಲ್ಲವೇ?

ಹಳೆಯ ರೇಡಿಯೋ ಅಂಗಡಿ, ಹಾಸನ

ತಾಯಿ, ದಾರದ ಉಪಾಯಕ್ಕೆ ನಮಸ್ಕಾರ. ನಾನು ಇಷ್ಟು ವರ್ಷ ವೈರಿಗೆ ತೊಡಿಸುವ ಪ್ಲಾಸ್ಟಿಕ್ ಕೊಳವೆ, ಸ್ಲೀವಿನ ಮೇಲೆ ಸ್ಲೀವು ಹಾಕಿ ಸುಮ್ಮನಿದ್ದೆ. ಕೊನೆಯ ಸುತ್ತು ಸಡಿಲಿಸುವುದು ಹೊಳೆದಿರಲಿಲ್ಲ.

ಹುಣಸೆಹಣ್ಣು ವಾರ್ನಿಷನ್ನು ಮುಟ್ಟುವುದೂ ಇಲ್ಲ. ಬರಿಯ ತಾಮ್ರವಾಗಿದ್ದರೆ ಹೊಳಪೇನೋ ಬರುತ್ತದೆ, ಆದರೆ ಹುಳಿ ಎಳೆಗಳ ಸಂದಿನಲ್ಲಿ ಉಳಿಯುತ್ತದೆ. ಬಿಂದಿಗೆಯನ್ನು ತೊಳೆದು ಒರೆಸುತ್ತೀರಿ, ವೈರಿನ ಒಳಗನ್ನು ಒರೆಸುವವರು ಯಾರು? ಮಲೆನಾಡಿನ ತೇವಕ್ಕೆ ಒಂದು ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿದು ಬೆಸುಗೆ ಕಳಚುತ್ತದೆ. ನಲ್ಲಿ ಕೆಲಸದವರು ಬಳಸುವ ಆಮ್ಲದ ಫ್ಲಕ್ಸಿಗೂ (ಬೆಸುಗೆ ಹಿಡಿಯಲು ಹಚ್ಚುವ ಪೇಸ್ಟಿಗೂ) ಇದೇ ಮಾತು. ರಾಳದ್ದೇ ತನ್ನಿ.

ಇ.ಸಿ. ಎರಡನೇ ವರ್ಷ, ಹಾಸನ

ಸರ್, ಇಸ್ತ್ರಿಪೆಟ್ಟಿಗೆಯ ಟೇಪು ಬಿಚ್ಚಿದೆವು. ಒಳಗೆ ಕರಿಯಾಗಿ ಪುಡಿಪುಡಿಯಾಗಿತ್ತು. ವೈರೇ ಬದಲಿಸಬೇಕೆಂದು ಅಂಗಡಿಗೆ ಹೋದರೆ ಬಟ್ಟೆ ಹೆಣೆದ ವೈರನ್ನೇ ಕೊಟ್ಟರು. ಸಾಮಾನ್ಯ ಪ್ಲಾಸ್ಟಿಕ್ ವೈರು ಯಾಕೆ ಬೇಡ?

ಹಳೆಯ ರೇಡಿಯೋ ಅಂಗಡಿ, ಹಾಸನ

ಇಸ್ತ್ರಿ ಮಾಡುವಾಗ ವೈರು ಬಿಸಿ ತಟ್ಟೆಗೆ ತಾಗದೆ ಇರುತ್ತದೆಯೇ? ಸಾಮಾನ್ಯ ಪಿ.ವಿ.ಸಿ. ತಾಗಿದ ಕ್ಷಣ ಕರಗಿ ತಾಮ್ರ ಹೊರಬರುತ್ತದೆ. ನೂಲಿನ ಹೆಣಿಗೆ, ಒಳಗೆ ರಬ್ಬರು ಇದ್ದರೆ ತಡೆದುಕೊಳ್ಳುತ್ತದೆ. ಅಂಗಡಿಯವರು ಸರಿಯಾದದ್ದನ್ನೇ ಕೊಟ್ಟಿದ್ದಾರೆ.

ತೋಟದ ರೈಟರ್, ಬಣಕಲ್

ಎಲ್ಲರಿಗೂ ನಮಸ್ಕಾರ. ಭಾನುವಾರ ಮೂಡಿಗೆರೆಯಿಂದ ಪಿನ್ ತಂದೆ, ಮೂವತ್ತು ರೂಪಾಯಿ. ಯಜಮಾನರು ಹೇಳಿದಂತೆ ಸೀಸದ ಹನಿಯಲ್ಲಿ ಮುಳುಗಿಸಿ ಹಿಡಿದೆ. ಹೊಗೆ ಬಂತು, ಬಣ್ಣ ಹೋಯಿತು, ತುದಿ ಬೆಳ್ಳಗಾಯಿತು. ಆ ಕ್ಷಣ ನೋಡಲು ಚೆಂದ. ಮುಚ್ಚಳವನ್ನು ಮೊದಲೇ ತೂರಿಸಿದ್ದೆ, ಆದರೆ ತಲೆಕೆಳಗಾಗಿ. ಬಿಚ್ಚಿ ಮತ್ತೆ ಬೆಸೆದೆ.

ಈಗ ಬಲಗಿವಿಯಲ್ಲಿ ಸದ್ದು ಬರುತ್ತಿದೆ, ಎಡದಲ್ಲಿ ಇಲ್ಲ. ತಂತಿ ಕೂಡಿದೆಯೇ ಎಂದು ಪರೀಕ್ಷಿಸುವ ಮಲ್ಟಿಮೀಟರ್ ನನ್ನಲ್ಲಿಲ್ಲ.

ಹಳೆಯ ರೇಡಿಯೋ ಅಂಗಡಿ, ಹಾಸನ

ಗೋಡೆ ಗಡಿಯಾರದ ಸೆಲ್ ತೆಗೆಯಿರಿ, ಒಂದೂವರೆ ವೋಲ್ಟು. ಹೆಡ್‌ಫೋನನ್ನು ಟಿ.ವಿ.ಯಿಂದ ಬಿಡಿಸಿ, ಕಿವಿಯಿಂದ ಸ್ವಲ್ಪ ದೂರ ಹಿಡಿದುಕೊಳ್ಳಿ. ಎರಡು ತುಂಡು ತಂತಿ ಹಿಡಿದು, ಸೆಲ್ಲಿನ ಒಂದು ತುದಿಯನ್ನು ಪಿನ್ನಿನ ಬುಡಕ್ಕೆ ಸೇರಿಸಿ, ಇನ್ನೊಂದನ್ನು ಪಿನ್ನಿನ ಮೂತಿಗೆ ತಾಗಿಸಿ ಬಿಡಿ. ಎಡಗಡೆ ಟಕ್ ಎನ್ನಬೇಕು. ನಡುವಿನ ಉಂಗುರಕ್ಕೆ ತಾಗಿಸಿದರೆ ಬಲಗಡೆ. ತಾಗಿಸಿ ಹಿಡಿದಿರಬೇಡಿ, ಮುಟ್ಟಿಸಿ ತೆಗೆಯಿರಿ.

ಎಡಗಡೆ ಟಕ್ ಇಲ್ಲ, ಬದಲಿಗೆ ತಾಗಿಸಿದಲ್ಲಿ ಸಣ್ಣ ಕಿಡಿ ಕಂಡರೆ ಶಾರ್ಟ್ ಆಗಿದೆ, ಅಂದರೆ ಎರಡು ತಂತಿ ಒಂದಕ್ಕೊಂದು ತಾಗಿಕೊಂಡಿವೆ. ಕಿಡಿಯೂ ಇಲ್ಲವಾದರೆ ಹಸಿರು ಎಳೆಗೆ ಸೀಸ ಒಳಗಿನ ತನಕ ಹಿಡಿದಿಲ್ಲ.

ತೋಟದ ರೈಟರ್, ಬಣಕಲ್

ಕಿಡಿ ಕಂಡಿತು. ಅಮ್ಮನ ಭೂತಗನ್ನಡಿಯಲ್ಲಿ ನೋಡಿದರೆ ಕಾಮನ್ ಗುಂಪಿನ ಒಂದೇ ಒಂದು ಎಳೆ ಬೇರೆಯಾಗಿ, ಬಾಗಿ, ಹಸಿರಿನ ಕಿವಿಯನ್ನು ಮುಟ್ಟಿಕೊಂಡು ಕುಳಿತಿತ್ತು. ಉಗುರು ಕತ್ತರಿಯಿಂದ ಕತ್ತರಿಸಿದೆ. ನಡುವೆ ಟೇಪಿನ ಸಣ್ಣ ಚೂರು ಇಟ್ಟು ಮುಚ್ಚಳ ತಿರುಗಿಸಿದೆ. ಎರಡೂ ಕಡೆ ಟಕ್.

ಸಂಜೆ ಅಮ್ಮ ಮಂಚದ ಮೇಲೆ ಕುಳಿತು, ವೈರು ಬಿಗಿಯಾಗಿಯೇ ಎಳೆದುಕೊಂಡು, ಅರ್ಧ ಗಂಟೆ ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಹೆಡ್‌ಫೋನ್ ತೆಗೆದು, "ಈಗ ಮಾತೂ ಕೇಳಿಸುತ್ತದೆ. ಎರಡು ತಿಂಗಳಿನಿಂದ ಇವರು ಹೇಳುತ್ತಿದ್ದುದು ಇದೇ ಆಗಿದ್ದರೆ ನನಗೇನೂ ನಷ್ಟವಾಗಿಲ್ಲ" ಎಂದರು. ಕ್ಷಮೆ ಕೇಳಿದೆ. ಬಸ್ ಚಾರ್ಜು ಎಷ್ಟಾಗಿತ್ತು ಎಂದು ಕೇಳಿದರು.

ಸೂಜಿದಾರದವರೇ, ದಾರ ಸುತ್ತಿದವಳು ಮಗಳು. ನನ್ನ ಸುತ್ತುಗಳು ಕಾಫಿ ಮೂಟೆಯ ಬಾಯಿ ಹೊಲಿದಂತಿದ್ದವು, ಬಿಚ್ಚಿ ಅವಳೇ ಮಾಡಿದಳು.

ಮಿಕ್ಸಿಯ ಪ್ಲಗ್ಗನ್ನೂ ಬದಲಿಸಿದೆ. ಹಳೆಯದನ್ನು ಕುತೂಹಲಕ್ಕೆ ಕೊಯ್ದು ನೋಡಿದರೆ ಒಳಗೆ ಕಂದು ತಂತಿಯಲ್ಲಿ ಐದು ಎಳೆ ಮಾತ್ರ ಕೂಡಿಕೊಂಡಿದ್ದವು, ಸುತ್ತಲಿನ ಪ್ಲಾಸ್ಟಿಕ್ ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಈಗ ಎರಡು ಸಲ ಚಟ್ನಿ ರುಬ್ಬಿದ ಮೇಲೂ ವೈರು ತಣ್ಣಗಿದೆ.

ಹಳೆಯ ರೇಡಿಯೋ ಅಂಗಡಿ, ಹಾಸನ

ಸಂತೋಷ. ಅರ್ಥ್ ಎಳೆ ಉದ್ದ ಬಿಟ್ಟಿದ್ದೀರಾ?

ತೋಟದ ರೈಟರ್, ಬಣಕಲ್

ಮರೆತಿದ್ದೆ, ಯಜಮಾನರೇ. ಈಗಷ್ಟೇ ಬಿಚ್ಚಿ, ಸರಿಮಾಡಿ ಬಂದೆ.